ಕಿವಿಯೊಳಗಿನ ಜೀರುಂಡೆ

ಶಾಲೆಯಲ್ಲಿ ಪರೀಕ್ಷೆಯ ಕೊಠಡಿಯಷ್ಟು ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲ. ಹತ್ತನೇ ತರಗತಿಯ ಹುಡುಗನೊಬ್ಬ ಪೂರ್ವಸಿದ್ಧತಾ ಪರೀಕ್ಷೆಯ ದಿನ ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದ ಅರ್ಧ ಗಂಟೆಗೇ ಎದ್ದು ಹೊರಗೆ ಬಂದುಬಿಟ್ಟ. ಓದಿಲ್ಲವೆಂದು ಶಾಲೆಯವರು ತಿಳಿದರು. ಹೆದರಿದ್ದಾನೆಂದು ಮನೆಯವರು ತಿಳಿದರು. ಅಂದು ರಾತ್ರಿ ಅವನು ತಾಯಿಯ ಬಳಿ ಕುಳಿತು ಹೇಳಿದ್ದು ಬೇರೆಯೇ ಮಾತು: 'ಅಮ್ಮ, ಕಿವಿಯೊಳಗೆ ಜೀರುಂಡೆ ಕೂತಿದೆ. ಸುತ್ತ ಸುಮ್ಮನಾದಷ್ಟೂ ಅದು ಜೋರಾಗಿ ಕೂಗುತ್ತೆ.'

ಅದು ಶುರುವಾದದ್ದು ಗಣೇಶನ ವಿಸರ್ಜನೆಯ ರಾತ್ರಿ. ಸೌಂಡ್ ಬಾಕ್ಸುಗಳನ್ನು ಪೇರಿಸಿದ ಟ್ರ್ಯಾಕ್ಟರಿನ ಮುಂದೆ ಎರಡು ಗಂಟೆ ಕಾಲ ಗೆಳೆಯರ ಜೊತೆ ಕುಣಿದು ಮನೆಗೆ ಬಂದಾಗ ಕಿವಿಗೆ ಹತ್ತಿ ತುರುಕಿದಂತಿತ್ತು. ಒಳಗೆ 'ಗುಂಯ್' ಎನ್ನುವ ನಾದ. ಗೆಳೆಯರಿಗೂ ಹಾಗೇ ಆಗಿತ್ತು, ಮಾರನೆಯ ದಿನ ಹೋಯಿತು. ಇವನಿಗೆ ಪೂರ್ತಿ ಹೋಗಲಿಲ್ಲ. ಕೆಲವು ದಿನ ಕಡಿಮೆಯಾಗಿ, ಮತ್ತೆ ಕೆಲವು ದಿನ ಏರುತ್ತಿತ್ತು. ದೀಪಾವಳಿಯ ಹೊತ್ತಿಗೆ ಹುಡುಗ ಪಟಾಕಿಗೆ ಹೆದರಿ ಬಾಗಿಲು ಹಾಕಿಕೊಂಡು ಕುಳಿತ. ಆಮೇಲೆ ಮಿಕ್ಸಿ ಹಾಕಿದರೆ ಸಿಡಿಮಿಡಿ, ಕುಕ್ಕರ್ ಕೂಗಿದರೆ ಬೆಚ್ಚಿಬೀಳುವುದು, ಶಾಲೆಯ ಗಂಟೆ ಹೊಡೆಯುವ ಮೊದಲೇ ಎರಡೂ ಕಿವಿ ಮುಚ್ಚಿಕೊಳ್ಳುವುದು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ತಂದೆ ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಕರೆದೊಯ್ದರು. ಶ್ರವಣ ಪರೀಕ್ಷೆಯ ನಕ್ಷೆ ಸರಿಯಾಗಿಯೇ ಬಂತು. 'ಏನೂ ಇಲ್ಲ' ಎಂಬ ಮಾತು ಕೇಳಿ ತಂದೆಗೆ ಸಮಾಧಾನವಾಯಿತು. ಹುಡುಗನಿಗೆ ಮಾತ್ರ ತನ್ನನ್ನು ಯಾರೂ ನಂಬುವುದಿಲ್ಲವೆಂದು ಖಾತ್ರಿಯಾಯಿತು.

ಇಂಥ ಹುಡುಗ ಹುಡುಗಿಯರು ಊರೂರಿನಲ್ಲೂ ಇದ್ದಾರೆ. ಅವರು ಕೇಳುತ್ತಿರುವುದು ಸುಳ್ಳಲ್ಲ, ಹುಚ್ಚೂ ಅಲ್ಲ. ಹೊರಗೆ ಶಬ್ದದ ಮೂಲವಿಲ್ಲದೆ ಕಿವಿಯಲ್ಲಿ ಕೇಳುವ ನಾದಕ್ಕೆ ವೈದ್ಯರು 'ಟಿನಿಟಸ್' ಎನ್ನುತ್ತಾರೆ. ಗಂಟೆಯಂತೆ ಮೊಳಗು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು. ಕನ್ನಡದಲ್ಲಿ ಕರ್ಣನಾದ ಎನ್ನಬಹುದು. ವಯಸ್ಕರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಗೆ ಇದರ ಅನುಭವವಿದೆ. ಅವರಲ್ಲಿ ಹೆಚ್ಚಿನವರು ಅದನ್ನು ಲೆಕ್ಕಿಸದೆ ಬದುಕುತ್ತಾರೆ. ಕೆಲವರಿಗೆ ಮಾತ್ರ ಅದು ನಿದ್ರೆ, ಓದು, ನೆಮ್ಮದಿಗಳನ್ನು ಕಸಿಯುವ ಕಾಟವಾಗುತ್ತದೆ. ಹೀಗೇಕೆ ಎಂಬುದು ತಿಳಿದರೆ ಅರ್ಧ ಕಾಟ ಇಳಿದಂತೆ.

ಬಸವನಹುಳುವಿನ ಒಳಗೆ

ಶಬ್ದದ ಅಲೆ ಕಿವಿತಮಟೆಗೆ ಬಡಿಯುತ್ತದೆ. ಅದರ ಕಂಪನವನ್ನು ಮೂರು ಪುಟ್ಟ ಮೂಳೆಗಳು ಒಳಗಿವಿಗೆ ದಾಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯ ಎಂಬ ಅಂಗವಿದೆ. ಬಿಡಿಸಿ ಚಾಚಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್. ಅದರೊಳಗಿನ ದ್ರವದಲ್ಲಿ ಅಲೆ ಹೇಗೆ ಸಾಗುತ್ತದೆ ಎಂಬುದನ್ನು ತೋರಿಸಿಕೊಟ್ಟ ಜಾರ್ಜ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂತು. ಒಂದೊಂದು ಕಾಕ್ಲಿಯದಲ್ಲೂ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಗಾಳಿಗೆ ಭತ್ತದ ಗದ್ದೆ ಬಾಗುವಂತೆ ಅವುಗಳ ತುದಿಯ ರೋಮಗಳು ಬಾಗಿದಾಗ ವಿದ್ಯುತ್ ಸಂಕೇತ ಹುಟ್ಟಿ, ನರದ ಮೂಲಕ ಮಿದುಳಿಗೆ ಹೋಗುತ್ತದೆ.

ಅತಿ ಜೋರಾದ ಸದ್ದಿಗೆ ಈ ಗದ್ದೆ ಮಲಗಿಬಿಡುತ್ತದೆ. ಬಹುಪಾಲು ಒಂದೆರಡು ದಿನದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಗೆಳೆಯರಿಗೆ ಆದದ್ದು ಅದೇ. ಆದರೆ ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಇದರ ಜೊತೆಗೆ ಇನ್ನೊಂದು ವಿಷಯವಿದೆ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಶ್ರವಣ ಶಕ್ತಿ ಪೂರ್ತಿ ಮರಳಿದ ಮೇಲೂ ರೋಮಕೋಶಕ್ಕೂ ನರಕ್ಕೂ ನಡುವಿನ ಬೆಸುಗೆಗಳು ಕಳಚಿಹೋಗಿದ್ದುದು ಕಂಡುಬಂತು. ಮನುಷ್ಯರಲ್ಲೂ ಇಂಥದು ನಡೆಯುತ್ತಿರಬಹುದೆಂದು ತಜ್ಞರು ಭಾವಿಸುತ್ತಾರೆ. ಅಂದರೆ ನಕ್ಷೆ ಸರಿಯಿದ್ದ ಮಾತ್ರಕ್ಕೆ ಹುಡುಗನ ದೂರು ಸುಳ್ಳೆಂದು ಹೇಳಲಾಗದು.

ನಾದ ಎಲ್ಲಿಂದ ಬರುತ್ತದೆ? ದೂರದ ಆಕಾಶವಾಣಿ ಕೇಂದ್ರವನ್ನು ಹಳೆಯ ಟ್ರಾನ್ಸಿಸ್ಟರಿನಲ್ಲಿ ಹಿಡಿಯಲು ಹೊರಟವರಿಗೆ ಇದು ಗೊತ್ತು. ಕೇಂದ್ರದ ಧ್ವನಿ ಕ್ಷೀಣವಾದಾಗ ವಾಲ್ಯೂಮ್ ತಿರುಗಿಸಿದರೆ ರೇಡಿಯೊದ ಒಳಗಿನ 'ಸುಯ್' ಸದ್ದೇ ಜೋರಾಗುತ್ತದೆ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳೂ ತನ್ನ ವಾಲ್ಯೂಮನ್ನು ಏರಿಸಿಕೊಳ್ಳುತ್ತದೆ. ಆಗ ನರಗಳಲ್ಲಿ ಸದಾ ನಡೆಯುವ ಸಣ್ಣ ಚಟುವಟಿಕೆಯೇ ನಾದವಾಗಿ ಕೇಳತೊಡಗುತ್ತದೆ. ಕರ್ಣನಾದಕ್ಕೆ ಇಂದು ಹೆಚ್ಚು ಮಂದಿ ಒಪ್ಪುವ ವಿವರಣೆ ಇದು. ಈ ಚಟುವಟಿಕೆ ಎಲ್ಲರಲ್ಲೂ ಇದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿ ಸರಿಯಾಗಿದ್ದ 80 ಮಂದಿಯನ್ನು ಹೊರಗಿನ ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ನೂರಕ್ಕೆ 94 ಮಂದಿ ಯಾವುದೋ ಒಂದು ನಾದ ಕೇಳಿತೆಂದು ಹೇಳಿದರು. ಪರೀಕ್ಷೆಯ ಕೊಠಡಿಯಲ್ಲಿ ಹುಡುಗನ ಜೀರುಂಡೆ ಜೋರಾದದ್ದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹೆಚ್ಚಿದ್ದು ನಾದವಲ್ಲ, ಸುತ್ತಲಿನ ಮೌನ.

ಭಯವೆಂಬ ಗಾಣ

ಮನೆಯ ಪಕ್ಕದಲ್ಲೇ ರೈಲು ಹೋದರೂ ಎಚ್ಚರವಾಗದ ತಾಯಿ, ತೊಟ್ಟಿಲ ಮಗು ಕುಂಯ್ ಎಂದರೆ ಏಳುತ್ತಾಳೆ. ಯಾವ ಸದ್ದು ಮುಖ್ಯ, ಯಾವುದು ಅಲ್ಲ ಎಂದು ಮಿದುಳು ಸದಾ ಜರಡಿ ಹಿಡಿಯುತ್ತಿರುತ್ತದೆ. ಗೋಡೆ ಗಡಿಯಾರದ ಟಿಕ್ ಟಿಕ್ ಜರಡಿಯ ಮೇಲೇ ಉಳಿಯುತ್ತದೆ. ಆದರೆ ಒಂದು ಸದ್ದಿಗೆ ಅಪಾಯದ ಚೀಟಿ ಅಂಟಿತೋ, ಅದು ಎಷ್ಟು ಸಣ್ಣದಾದರೂ ಒಳಗೆ ಇಳಿಯುತ್ತದೆ. 'ಕಿವುಡನಾಗುತ್ತೇನೆ', 'ಇದು ಜೀವಮಾನ ಪೂರ್ತಿ ಹೀಗೇ' ಎಂಬ ಯೋಚನೆ ಬಂದ ಗಳಿಗೆಯಲ್ಲಿ ಆ ಚೀಟಿ ಅಂಟುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಗಮನವೆಲ್ಲ ಕಿವಿಗೆ ಹೋಗುತ್ತದೆ. ಗಮನ ಕೊಟ್ಟಷ್ಟೂ ನಾದ ಜೋರು, ಜೋರಾದಷ್ಟೂ ಭಯ. ಗಾಣದ ಎತ್ತಿನ ಸುತ್ತಾಟ ಇದು. ಕರ್ಣನಾದದಲ್ಲಿ ಭಯಕ್ಕೂ ಗಮನಕ್ಕೂ ಇರುವ ಈ ಪಾತ್ರವನ್ನು ಪಾವೆಲ್ ಯಾಸ್ಟ್ರೆಬಾಫ್ 1990ರಲ್ಲಿ ವಿವರಿಸಿದರು. ಅಳೆದು ನೋಡಿದರೆ ಬಹುಮಂದಿಯ ನಾದ ಅವರಿಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದಿಗಿಂತ ಕೆಲವೇ ಡೆಸಿಬೆಲ್ ಮೇಲಿರುತ್ತದೆ. ಕಾಟದ ಪ್ರಮಾಣಕ್ಕೂ ನಾದದ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ.

ನಾದ ಕೆಲವು ದಿನ ಉಲ್ಬಣಿಸುವುದಕ್ಕೂ ಕಾರಣಗಳಿವೆ. ನಿದ್ದೆಗೆಡುವುದು, ಪರೀಕ್ಷೆಯ ಆತಂಕ, ನೆಗಡಿ, ದವಡೆ ಬಿಗಿಹಿಡಿಯುವುದು, ಒಂದು ಗದ್ದಲದ ಸಂಜೆ, ಇವೆಲ್ಲ ಅದನ್ನು ಏರಿಸಬಲ್ಲವು. ಏರಿದ ಮಾತ್ರಕ್ಕೆ ಕಿವಿಗೆ ಹೊಸ ಗಾಯವಾಗಿದೆ ಎಂದು ಅರ್ಥವಲ್ಲ. ಹೆಚ್ಚಿನ ಉಲ್ಬಣಗಳು ಬಂದಂತೆಯೇ ಕೆಲವು ದಿನಗಳಲ್ಲಿ ಇಳಿಯುತ್ತವೆ.

ಸಂಗೀತಗಾರ ಬೀಥೋವನ್ನನ ಕಥೆ ಇಲ್ಲಿ ನೆನಪಾಗಬೇಕು. ತನ್ನ ಕಿವಿಗಳು ಹಗಲೂ ರಾತ್ರಿ ಮೊರೆಯುತ್ತವೆಂದು, ಜನರ ಸಹವಾಸವನ್ನೇ ತಪ್ಪಿಸಿಕೊಂಡು ತಿರುಗುತ್ತಿರುವುದಾಗಿ ಆತ ವೈದ್ಯ ಗೆಳೆಯ ವೇಗೆಲರ್‌ಗೆ 1801ರಲ್ಲಿ ಪತ್ರ ಬರೆದ. ಆಗ ಅವನಿಗೆ ಮೂವತ್ತು ವರ್ಷ. 1809ರಲ್ಲಿ ನೆಪೋಲಿಯನ್ನನ ಸೇನೆ ವಿಯೆನ್ನಾದ ಮೇಲೆ ಗುಂಡಿನ ಮಳೆಗರೆದಾಗ, ಬೀಥೋವನ್ ತಮ್ಮನ ಮನೆಯ ನೆಲಮಾಳಿಗೆಯಲ್ಲಿ ದಿಂಬುಗಳಿಂದ ತಲೆ ಮುಚ್ಚಿಕೊಂಡು ಕುಳಿತಿದ್ದನೆಂದು ಅವನ ಶಿಷ್ಯ ರೀಸ್ ಬರೆದಿಟ್ಟಿದ್ದಾನೆ. ಅವನ ಕಿವುಡುತನ ಬೇರೆ ಕಾಯಿಲೆಯ ಫಲ. ಕರ್ಣನಾದ ಇದ್ದವರೆಲ್ಲ ಕಿವುಡರಾಗುತ್ತಾರೆಂದು ಅದರ ಅರ್ಥವಲ್ಲ. ಆದರೆ ಮೊರೆತದ ಜೊತೆಗೇ ಅವನು ಮುಂದೆಯೂ ಕೆಲಸ ಮಾಡಿದ ಎಂಬುದು ಗಮನಿಸಬೇಕಾದ ಮಾತು. ಪತ್ರ ಬರೆದ ಇಪ್ಪತ್ತಮೂರು ವರ್ಷಗಳ ಮೇಲೆ, 1824ರಲ್ಲಿ, ಅವನ ಒಂಬತ್ತನೇ ಸಿಂಫನಿ ಮೊದಲ ಬಾರಿಗೆ ಕಛೇರಿಯಾಯಿತು.

ಹತ್ತಿಯೇ ಶತ್ರುವಾದಾಗ

ದಿಂಬಿನ ಆಶ್ರಯ ಗುಂಡಿನ ಸದ್ದಿಗೆ ಸರಿ. ಕುಕ್ಕರಿನ ಕೂಗಿಗೆ ಅಲ್ಲ. ಈ ಹುಡುಗ ಮಾಡಿದ ತಪ್ಪು ಅದೇ. ಬೆಳಗಿನಿಂದ ರಾತ್ರಿಯವರೆಗೆ ಕಿವಿಗೆ ಹತ್ತಿ, ಅದರ ಮೇಲೆ ಮಫ್ಲರ್. 2003ರಲ್ಲಿ ಕ್ರೇಗ್ ಫಾರ್ಮ್‌ಬಿ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಎರಡು ವಾರ ಕಿವಿಬಿರಡೆ ಹಾಕಿಸಿ ನೋಡಿದರು. ಬಿರಡೆ ತೆಗೆದ ಮೇಲೆ ಮೊದಲು ಸಹಿಸುತ್ತಿದ್ದ ಸದ್ದೇ ಅವರಿಗೆ ಹೆಚ್ಚು ಜೋರೆನಿಸಿತು. ಅದರ ಬದಲು ಎರಡು ವಾರ ಕಿವಿಗೆ ಮೆಲ್ಲನೆಯ ಸದ್ದು ಕೇಳಿಸಿಕೊಂಡವರಿಗೆ ಸಹಿಸುವ ಶಕ್ತಿ ಹೆಚ್ಚಿತು. ಮಿದುಳಿನ ವಾಲ್ಯೂಮ್ ಗುಂಡಿ ಎರಡೂ ಕಡೆ ತಿರುಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಕತ್ತಲ ಕೋಣೆಯಲ್ಲಿದ್ದು ಹೊರಬಂದವನಿಗೆ ಬಿಸಿಲು ಕುಕ್ಕುವಂತೆ, ಸದ್ದಿನಿಂದ ಓಡಿದವನಿಗೆ ಸದ್ದು ಕುಕ್ಕುತ್ತದೆ.

ಹಾಗೆಂದು ಡಿ.ಜೆ. ಮುಂದೆ ಎದೆ ಕೊಟ್ಟು ನಿಲ್ಲುವುದು ಧೈರ್ಯವಲ್ಲ. ನಿಜವಾದ ಅಪಾಯವನ್ನೂ ಬರಿಯ ಭಯವನ್ನೂ ಬೇರ್ಪಡಿಸಬೇಕು. ಅದಕ್ಕೆ ಬೇಕಾದದ್ದು ಹತ್ತನೇ ತರಗತಿಯ ಮಟ್ಟದ ಲೆಕ್ಕ. ವಾರಕ್ಕೆ 80 ಡೆಸಿಬೆಲ್ ಸದ್ದನ್ನು 40 ಗಂಟೆಯವರೆಗೆ ಕೇಳಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮಕ್ಕಳಿಗೆ 75 ಡೆಸಿಬೆಲ್ ಆದರೆ ಇನ್ನೂ ಕ್ಷೇಮ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗುವುದರಿಂದ ಕಾಲ ಅರ್ಧವಾಗಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಸ್ಪೀಕರ್ 2 ಮೀಟರ್ ದೂರದಲ್ಲಿ 110 ಡೆಸಿಬೆಲ್ ಸದ್ದು ಮಾಡುತ್ತಿದೆ ಎನ್ನೋಣ. ಅಲ್ಲಿ ನಿಂತವನ ಇಡೀ ವಾರದ ಪಾಲು ಎರಡೂವರೆ ನಿಮಿಷದೊಳಗೇ ಮುಗಿಯುತ್ತದೆ. 4 ಮೀಟರಿನಲ್ಲಿ 104 ಡೆಸಿಬೆಲ್, ಒಂಬತ್ತು ನಿಮಿಷ. 8 ಮೀಟರಿನಲ್ಲಿ 98, ಮೂವತ್ತೇಳು ನಿಮಿಷ. 16 ಮೀಟರಿನಲ್ಲಿ 92, ಎರಡೂವರೆ ಗಂಟೆ. ದೂರ ಇಮ್ಮಡಿಯಾದಂತೆಲ್ಲ ಕಾಲ ನಾಲ್ಕು ಪಟ್ಟು. ಇಕ್ಕಟ್ಟಾದ ಬೀದಿಯಲ್ಲಿ, ಸಾಲು ಸ್ಪೀಕರುಗಳ ಮುಂದೆ ಇಳಿಕೆ ಇಷ್ಟಿರುವುದಿಲ್ಲ; ಆದ್ದರಿಂದ ಇನ್ನೂ ಹಿಂದೆ ಸರಿಯುವುದೇ ಜಾಣತನ. ಎರಡು ಗಂಟೆ ಕುಣಿದ ಹುಡುಗರು ವಾರದ ಪಾಲನ್ನು ಎಷ್ಟು ಸಲ ಮೀರಿದರೆಂದು ಅವರೇ ಲೆಕ್ಕ ಹಾಕಿ ನೋಡಬಹುದು.

ಇದೇ ಲೆಕ್ಕ ಸಮಾಧಾನವನ್ನೂ ಕೊಡುತ್ತದೆ. ಅಮ್ಮ ಚಟ್ನಿ ರುಬ್ಬುವ ಎರಡು ನಿಮಿಷ, ಕುಕ್ಕರಿನ ನಾಲ್ಕು ಕೂಗು, ಬಸ್ಸಿನ ಹಾರನ್ನು, ಶಾಲೆಯ ಗಂಟೆ, ಇವು ಕಿರಿಕಿರಿ ತರಬಹುದು; ವಾರದ ಪಾಲನ್ನು ಮುಗಿಸಲಾರವು. ಇವಕ್ಕೆ ಬಿರಡೆ ಬೇಡ. ಮೆರವಣಿಗೆ, ಪಟಾಕಿ, ಮದುವೆ ಮನೆಯ ಬ್ಯಾಂಡು, ಹಿಟ್ಟಿನ ಗಿರಣಿಯಲ್ಲಿ ದಿನವಿಡೀ ಕೆಲಸ, ಇವಕ್ಕೆ ಬೇಕು. ಹತ್ತಿಯಿಂದ ಸಿಗುವ ರಕ್ಷಣೆ ಅತ್ಯಲ್ಪ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನಂಥ ಬಿರಡೆಯನ್ನು ಬೆರಳಿನಲ್ಲಿ ಹೊಸೆದು ಸಣ್ಣ ಬತ್ತಿ ಮಾಡಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಒತ್ತಿ ಹಿಡಿಯಬೇಕು. ಗದ್ದಲ ಮುಗಿದೊಡನೆ ತೆಗೆಯಬೇಕು.

ಉಲ್ಬಣಿಸಿದ ದಿನ ಏನು ಮಾಡಬೇಕು?

ಮೊದಲನೆಯದು, ಮೌನವನ್ನು ಹುಡುಕಬಾರದು. ಫ್ಯಾನಿನ ಸದ್ದು, ಮೆಲ್ಲಗೆ ಹಚ್ಚಿದ ರೇಡಿಯೊ, ತಂಬೂರಿಯ ಶ್ರುತಿ, ಕಿಟಕಿಯಾಚೆಯ ಮಳೆ, ಯಾವುದಾದರೂ ಹಿತವಾದ ಹಿನ್ನೆಲೆಯಿರಲಿ. ಅದು ನಾದವನ್ನು ಪೂರ್ತಿ ಮುಳುಗಿಸುವಷ್ಟು ಜೋರಿರಬಾರದು. ಅದರ ಜೊತೆ ಬೆರೆಯುವಷ್ಟಿದ್ದರೆ ಸಾಕು. ಹಗಲಿನ ದೀಪದಂತೆ ನಾದ ಮಂಕಾಗುತ್ತದೆ. ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಹಾಕಿ ಅದನ್ನು ಅಡಗಿಸಲು ಹೋಗುವುದು ಬೆಂಕಿಗೆ ತುಪ್ಪ ಸುರಿದಂತೆ.

ಎರಡನೆಯದು, ಉಸಿರು. ಮೂಗಿನಿಂದ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡುತ್ತ ಐದು ನಿಮಿಷ ಕುಳಿತರೆ ಎದೆಬಡಿತ ಇಳಿಯುತ್ತದೆ. ದವಡೆ, ಭುಜಗಳ ಬಿಗಿ ಸಡಿಲಿಸಬೇಕು. ಕಿವಿ ಸುಮ್ಮನಾಗದಿದ್ದರೂ ಅಪಾಯದ ಚೀಟಿ ಸಡಿಲವಾಗುತ್ತದೆ.

ಮೂರನೆಯದು, ಗಳಿಗೆಗೊಮ್ಮೆ ಕಿವಿಗೊಟ್ಟು ಪರೀಕ್ಷಿಸಬಾರದು. ಮನೆಯವರೂ 'ಈಗ ಹೇಗಿದೆ?' ಎಂದು ಪದೇ ಪದೇ ಕೇಳಬಾರದು. ಕಾಳಜಿಯಿಂದ ಕೇಳಿದ ಆ ಪ್ರಶ್ನೆಯೇ ಮಗುವಿನ ಗಮನವನ್ನು ಮತ್ತೆ ಕಿವಿಗೆ ಎಳೆಯುತ್ತದೆ.

ನಾಲ್ಕನೆಯದು, ದಿನಚರಿ ಕೆಡಿಸಬಾರದು. ಓದು, ಆಟ, ಊಟ, ನಿದ್ರೆಯ ಹೊತ್ತು ಎಂದಿನಂತಿರಲಿ. ಪರೀಕ್ಷೆಗೆಂದು ರಾತ್ರಿಯೆಲ್ಲ ಎದ್ದು ಓದುವುದು ಇಂಥ ಮಕ್ಕಳಿಗೆ ಸಲ್ಲದು.

ಐದನೆಯದು, ಸದ್ದಿನ ಭಯಕ್ಕೆ ಮೆಟ್ಟಿಲು ಕಟ್ಟಬೇಕು. ಮೊದಲ ವಾರ ಪಕ್ಕದ ಕೋಣೆಯಲ್ಲಿದ್ದು ಮಿಕ್ಸಿಯ ಸದ್ದು ಕೇಳುವುದು. ಮುಂದಿನ ವಾರ ಅಡುಗೆಮನೆಯ ಬಾಗಿಲಲ್ಲಿ. ಆಮೇಲೆ ತಾನೇ ಗುಂಡಿ ಒತ್ತುವುದು. ತನ್ನ ಕೈಯಿಂದ ಹುಟ್ಟಿಸಿದ ಸದ್ದು ಬೆಚ್ಚಿಬೀಳಿಸುವುದಿಲ್ಲ. ಹೀಗೇ ಸಂತೆ, ಬಸ್ ನಿಲ್ದಾಣ, ಶಾಲೆಯ ಗಂಟೆ. ಒತ್ತಾಯ ಸಲ್ಲದು, ಹಿಮ್ಮೆಟ್ಟುವುದೂ ಸಲ್ಲದು.

ಔಷಧದ ವಿಷಯ. ಕರ್ಣನಾದವನ್ನೇ ಅಳಿಸುವ ಮಾತ್ರೆ ಈವರೆಗೆ ಬಂದಿಲ್ಲ. ಹಾಗೆಂದು ಮಾರುವವರನ್ನು ನಂಬಬಾರದು. ಅದರ ಕಾಟವನ್ನು ಇಳಿಸುವಲ್ಲಿ ಹೆಚ್ಚು ಆಧಾರವಿರುವುದು ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಮನೋಚಿಕಿತ್ಸೆಗೆ. ಕಿವಿಗೆ ಎಣ್ಣೆ ಬಿಡುವುದು, ಕಡ್ಡಿ, ಹೇರ್‌ಪಿನ್ ಹಾಕಿ ಗುಗ್ಗೆ ಕೆದಕುವುದು ಕೂಡದು. ಕೆಲವು ಸಲ ಗಟ್ಟಿಯಾದ ಗುಗ್ಗೆಯೇ ನಾದಕ್ಕೆ ಕಾರಣವಿರುತ್ತದೆ, ಅದನ್ನು ವೈದ್ಯರು ತೆಗೆಯಬೇಕು. ಆದ್ದರಿಂದ ಒಮ್ಮೆಯಾದರೂ ತಪಾಸಣೆ ಆಗಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ತಪಾಸಣೆಗೆ ಹೆಸರಾದದ್ದು. ಇದ್ದಕ್ಕಿದ್ದಂತೆ ಕಿವಿ ಕೇಳಿಸದಾದರೆ ಅದೇ ದಿನ ವೈದ್ಯರನ್ನು ಕಾಣಬೇಕು; ಅಲ್ಲಿ ತಡ ಮಾಡಿದರೆ ಕಿವಿ ಹೋಗಬಹುದು. ನಾದ ಒಂದೇ ಕಿವಿಯಲ್ಲಿದ್ದರೆ, ನಾಡಿ ಬಡಿತದ ಲಯದಲ್ಲಿ ಕೇಳಿದರೆ, ತಲೆಸುತ್ತು, ಕಿವಿ ಸೋರುವಿಕೆ ಜೊತೆಗಿದ್ದರೂ ಉಪೇಕ್ಷೆ ಕೂಡದು. ಮಗು ಬದುಕೇ ಬೇಡವೆಂಬ ಧಾಟಿಯಲ್ಲಿ ಮಾತಾಡಿದರೆ ಅದನ್ನು ನಾಟಕವೆಂದು ತಳ್ಳಿಹಾಕದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಊರಿನ ಪಾಲು

ಎಲ್ಲವನ್ನೂ ಮಗುವಿನ ತಲೆಗೇ ಕಟ್ಟುವುದು ನ್ಯಾಯವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿಯವರೆಗೆ ಮಾತ್ರ ಸಡಿಲಿಸಬಹುದು. ನಿಯಮ ಪುಸ್ತಕದಲ್ಲಿದೆ. ಅದನ್ನು ಬೀದಿಗೆ ತರಬೇಕಾದವರು ಗಣೇಶನ ಮಂಡಳಿಯ ಹಿರಿಯರು, ಅಂದರೆ ಬಹುಪಾಲು ಆ ಮಕ್ಕಳ ಅಪ್ಪ, ಚಿಕ್ಕಪ್ಪ, ಮಾವಂದಿರೇ.

ಆ ಹುಡುಗನ ವಿಷಯಕ್ಕೆ ಬಂದರೆ, ಶ್ರವಣತಜ್ಞರೊಬ್ಬರು ಅವನನ್ನು ಕೂರಿಸಿಕೊಂಡು ಟ್ರಾನ್ಸಿಸ್ಟರಿನ ವಾಲ್ಯೂಮಿನ ಉದಾಹರಣೆಯನ್ನೇ ಕೊಟ್ಟು ವಿವರಿಸಿದರು. 'ನಿನಗೆ ಕೇಳುತ್ತಿರುವುದು ನಿಜ, ಆದರೆ ಅದು ಅಪಾಯವಲ್ಲ' ಎಂಬ ಒಂದು ಮಾತಿಗೆ ಅವನು ಅತ್ತುಬಿಟ್ಟನಂತೆ. ಹತ್ತಿ ಒಂದೇ ದಿನದಲ್ಲಿ ಹೋಗಲಿಲ್ಲ. ಮೆಟ್ಟಿಲು ಹತ್ತಲು ಎರಡು ತಿಂಗಳು ಹಿಡಿಯಿತು, ನಡುವೆ ಎರಡು ಬಾರಿ ನಾದ ಉಲ್ಬಣಿಸಿತು. ತಂದೆ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಿದರು. ವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಫ್ಯಾನಿನ ಕೆಳಗೆ, ರಸ್ತೆಯ ಕಡೆಯ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೇರೆ ಮಕ್ಕಳು ಗದ್ದಲವೆಂದು ಬೇಡವೆನ್ನುವ ಜಾಗ ಅದು. ಜೀರುಂಡೆ ಅಲ್ಲೂ ಇತ್ತು. ಫ್ಯಾನು ಗರಗರ ಎನ್ನುತ್ತಿತ್ತು, ಹೊರಗೆ ಬಸ್ಸುಗಳು ಓಡಾಡುತ್ತಿದ್ದವು. ಹುಡುಗ ಗಂಟೆ ಹೊಡೆಯುವವರೆಗೆ ಕುಳಿತು ಗಣಿತದ ಉತ್ತರಪತ್ರಿಕೆ ಬರೆದು ಮುಗಿಸಿದ. ಗಂಟೆ ಹೊಡೆದಾಗ ಅವನ ಎರಡೂ ಕೈ ಉತ್ತರಪತ್ರಿಕೆಯ ದಾರ ಕಟ್ಟುತ್ತಿದ್ದವು.